‘ಹರಾಮ್’ ಎಂದು ಗದರುವ ಮೊದಲು ಮಗುವಿನ ಮಾತು ಕೇಳಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುವಾರ ಬಿ.ಸಿ. ರೋಡಿನಿಂದ ಗುರುವಾಯನಕೆರೆಗೆ, ಅಲ್ಲಿಂದ ವೇಣೂರು ದಾರಿಯಾಗಿ ಮೂಡುಬಿದಿರೆಗೆ ಒಮ್ಮೆ ಹೋಗಿ ನೋಡಿ. ದಾರಿಯುದ್ದಕ್ಕೂ ಫ್ಲೆಕ್ಸ್‌ಗಳು. 625ಕ್ಕೆ 620, 600ಕ್ಕೆ 595, ನೀಟ್‌ನಲ್ಲಿ ಇಷ್ಟನೇ ರ‍್ಯಾಂಕ್. ನಮ್ಮ ಮಸೀದಿ ಗ್ರೂಪ್‌ಗಳಲ್ಲೂ ಅದೇ: ಶಾಲು ಹೊದೆಸಿಕೊಂಡ ಮಕ್ಕಳ ಫೋಟೋ, ಕೆಳಗೆ ಸಾಲುಸಾಲು ಮಾಷಾ ಅಲ್ಲಾಹ್. ಮಕ್ಕಳ ಶ್ರಮವನ್ನು ಹೊಗಳುವುದು ತಪ್ಪೇನಲ್ಲ. ಆದರೆ ಅದೇ ಗ್ರೂಪಿನಲ್ಲಿ ಅದೇ ಊರಿನ ಇನ್ನೊಂದು ಮನೆಯ ತಾಯಿ ಇರುತ್ತಾಳೆ. ಅವಳ ಮಗ ಗಣಿತದಲ್ಲಿ ಫೇಲಾಗಿ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾನೆ.

2025ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 91.12 ಫಲಿತಾಂಶ ಪಡೆದು ರಾಜ್ಯಕ್ಕೆ ಪ್ರಥಮ ಬಂತು. ಅದರ ಹಿಂದಿನ ವರ್ಷ ಉಡುಪಿ ಪ್ರಥಮ, ನಾವು ದ್ವಿತೀಯ. ಈ ಹೆಮ್ಮೆಯ ಇನ್ನೊಂದು ಮುಖವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಅದೇ ವರ್ಷ ಕಲಬುರಗಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅನುತ್ತೀರ್ಣರಾದರು. ಅಲ್ಲಿ ಫೇಲಾದ ಹುಡುಗನಿಗೆ ಪಕ್ಕದ ಮನೆಯಲ್ಲೇ ಜೊತೆ ಸಿಗುತ್ತದೆ. ನಮ್ಮಲ್ಲಿ ನೂರರಲ್ಲಿ ಒಂಬತ್ತು ಮಕ್ಕಳು ಮಾತ್ರ ಹಿಂದೆ ಉಳಿಯುತ್ತಾರೆ. ಜಿಲ್ಲೆ ಎಷ್ಟು ಮೇಲೇರುತ್ತದೋ ಅಷ್ಟು ಆ ಒಂಬತ್ತು ಮಕ್ಕಳು ಒಂಟಿಯಾಗುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂತಹ ಊರುಗಳಲ್ಲಿ ಸೋಲು ಬೇರೆ ಕಡೆಗಿಂತ ಭಾರ ಎಂಬುದು ನನ್ನ ಅಭಿಪ್ರಾಯ. ಆ ಭಾರದಲ್ಲಿ ದೊಡ್ಡ ಪಾಲನ್ನು ಹೊರಿಸಿದವರು ನಾವೇ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮೃತಪಟ್ಟರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಅಂದರೆ ದಿನಕ್ಕೆ 35ಕ್ಕಿಂತ ಹೆಚ್ಚು. ಜಗತ್ತಿನಾದ್ಯಂತ 15ರಿಂದ 29 ವಯಸ್ಸಿನವರ ಸಾವಿನ ಕಾರಣಗಳಲ್ಲಿ ಇದು ಮೂರನೆಯ ಸ್ಥಾನದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ‘ನಮ್ಮ ಸಮುದಾಯದಲ್ಲಿ ಇದೆಲ್ಲ ಇಲ್ಲ, ನಮ್ಮ ಮಕ್ಕಳಿಗೆ ಈಮಾನ್ ಇದೆ’ ಎನ್ನುವವರು ಈಗಲೂ ಇದ್ದಾರೆ. ಈಮಾನ್ ದೊಡ್ಡ ರಕ್ಷಣೆ, ಸಂದೇಹವಿಲ್ಲ. ಆದರೆ ಈಮಾನ್ ಇರುವವರಿಗೂ ಸಕ್ಕರೆ ಕಾಯಿಲೆ ಬರುತ್ತದೆ, ಅಸ್ತಮಾ ಬರುತ್ತದೆ. ಮನಸ್ಸಿಗೆ ಬರುವ ಕಾಯಿಲೆ ಮಾತ್ರ ನಮ್ಮ ಮನೆ ಬಿಟ್ಟು ಹೋಗುತ್ತದೆ ಎಂದುಕೊಳ್ಳುವುದು ಹೇಗೆ? ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನ ಮಕ್ಕಳಲ್ಲಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಕಂಡುಬಂದಿತ್ತು. ಅರುವತ್ತು ಮಕ್ಕಳಿರುವ ಒಂದು ತರಗತಿಯಲ್ಲಿ ನಾಲ್ವರು ಎಂದು ಲೆಕ್ಕ ಹಾಕಿಕೊಳ್ಳಿ. ಅದು ಶಾಲೆಯ ತರಗತಿಯಾದರೂ ಸರಿ, ಮದ್ರಸದ ತರಗತಿಯಾದರೂ ಸರಿ.

ಪತ್ರಿಕೆಗಳ ಶೀರ್ಷಿಕೆ ನೋಡಿದರೆ ಕಾರಣ ಬಹಳ ಸುಲಭ. ಮೊಬೈಲ್ ಕೊಡಿಸಲಿಲ್ಲ, ಶಿಕ್ಷಕರು ಬೈದರು, ಅಂಕ ಕಡಿಮೆ ಬಂತು. ಓದಿದವರು ‘ಇಷ್ಟು ಸಣ್ಣ ವಿಷಯಕ್ಕಾ? ಈಗಿನ ಮಕ್ಕಳಿಗೆ ಸಹನೆಯೇ ಇಲ್ಲ’ ಎಂದು ಮಾತು ಮುಗಿಸುತ್ತಾರೆ. ಇಂತಹ ಒಂದು ಸಾವಿಗೂ ಒಂದೇ ಕಾರಣ ಇರುವುದಿಲ್ಲ. ಕೊನೆಯ ದಿನದ ಜಗಳ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಅದರ ಹಿಂದೆ ತಿಂಗಳುಗಟ್ಟಲೆ ಗುರುತಿಸದೆ ಉಳಿದ ಖಿನ್ನತೆ ಇರಬಹುದು, ಮನೆಯಲ್ಲಿ ತಂದೆ-ತಾಯಿಯ ಜಗಳ, ಹೊಡೆತ, ಅಮಲಿನ ಚಟ ಇರಬಹುದು, ಶಾಲೆಯಲ್ಲಿ ಗೇಲಿ ಮಾಡುವ ಗುಂಪು ಇರಬಹುದು, ಕುಟುಂಬದಲ್ಲಿ ಹಿಂದೆ ಯಾರೋ ಹೀಗೇ ತೀರಿಕೊಂಡಿರಬಹುದು. ಎಲ್ಲಕ್ಕಿಂತ ದೊಡ್ಡ ಸೂಚನೆ ಎಂದರೆ ಆ ಮಗು ಈ ಮೊದಲು ಒಮ್ಮೆ ಪ್ರಯತ್ನಿಸಿರುವುದು. ಇವೆಲ್ಲ ಒಂದರ ಮೇಲೊಂದು ಪೇರಿಸಿಕೊಂಡಾಗ ಸಣ್ಣ ವಿಷಯವೂ ತಡೆಯಲಾರದಷ್ಟು ದೊಡ್ಡದಾಗುತ್ತದೆ.

ನಮ್ಮ ಮನೆಗಳಿಗೇ ವಿಶೇಷವಾದ ಕೆಲವು ಸಂಗತಿಗಳೂ ಇವೆ. ಮೊದಲನೆಯದು ನಿದ್ದೆ. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಹದಿಹರೆಯದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಮ್ಮ ಹತ್ತನೆಯ ತರಗತಿಯ ಮಗು ಸುಬಹಿಗೆ ಏಳುತ್ತದೆ, ಮದ್ರಸಕ್ಕೆ ಹೋಗುತ್ತದೆ, ಅಲ್ಲಿಂದ ಓಡಿ ಬಂದು ಅರೆಹೊಟ್ಟೆಯಲ್ಲಿ ಬಸ್ಸು ಹಿಡಿಯುತ್ತದೆ. ಸಂಜೆ ಶಾಲೆಯ ವಿಶೇಷ ತರಗತಿ, ಬಳಿಕ ಟ್ಯೂಶನ್. ಮದ್ರಸದಲ್ಲೂ ಹತ್ತಕ್ಕೆ ಪಬ್ಲಿಕ್ ಪರೀಕ್ಷೆ ಇರುತ್ತದೆ, ಅದರ ಓದು ಬೇರೆ. ಮಲಗುವಾಗ ಹನ್ನೊಂದೂವರೆ. ನಿದ್ದೆಗೆಟ್ಟ ಮಗು ಸಿಡುಕುತ್ತದೆ, ಓದಿದ್ದನ್ನು ಮರೆಯುತ್ತದೆ, ಮರೆತದ್ದಕ್ಕೆ ಬೈಗುಳ ತಿನ್ನುತ್ತದೆ. ನಿದ್ದೆಯ ಕೊರತೆಗೂ ಖಿನ್ನತೆಗೂ, ಬದುಕು ಬೇಡವೆನಿಸುವ ಯೋಚನೆಗೂ ಇರುವ ನಂಟನ್ನು ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಮದ್ರಸ ಬಿಡಿಸಿ ಎಂದು ನಾನು ಹೇಳುತ್ತಿಲ್ಲ. ಹತ್ತರ ಮಕ್ಕಳಿಗೆ ಪರೀಕ್ಷೆಯ ಮೂರು ತಿಂಗಳಾದರೂ ವೇಳಾಪಟ್ಟಿ ಸಡಿಲಿಸಬಹುದೇ ಎಂದು ಮದ್ರಸ ಕಮಿಟಿ ಮತ್ತು ಶಾಲೆಯ ಮುಖ್ಯೋಪಾಧ್ಯಾಯರು ಒಮ್ಮೆ ಒಟ್ಟಿಗೆ ಕೂತು ಮಾತಾಡಿದರೆ ಏನು ಕಷ್ಟ?

ಎರಡನೆಯದು ಗಲ್ಫ್. ತಂದೆ ದಮ್ಮಾಮಿನಲ್ಲೋ ದುಬೈಯಲ್ಲೋ ಇದ್ದಾರೆ. ಇಲ್ಲಿ ತಾಯಿ ಒಬ್ಬಳೇ ಮನೆ, ಅತ್ತೆ-ಮಾವ, ಮಕ್ಕಳು ಎಲ್ಲವನ್ನೂ ನೋಡಿಕೊಳ್ಳುತ್ತಾಳೆ. ಮಗ ಮಾತು ಕೇಳದಾಗ ಅವಳ ಬಳಿ ಇರುವುದು ಒಂದೇ ಮಾತು: ‘ಅಪ್ಪ ಅಲ್ಲಿ ಬಿಸಿಲಲ್ಲಿ ಬೇಯುತ್ತಿರುವುದು ಯಾರಿಗಾಗಿ?’ ವೀಡಿಯೊ ಕಾಲ್‌ನಲ್ಲಿ ತಂದೆ ಕೇಳುವುದೂ ಅಂಕವನ್ನೇ. ಇಬ್ಬರೂ ಪ್ರೀತಿಯಿಂದಲೇ ಹೇಳುತ್ತಾರೆ. ಮಗುವಿಗೆ ಮಾತ್ರ ಅದು ಬೇರೆಯಾಗಿ ಕೇಳಿಸುತ್ತದೆ: ನನ್ನಿಂದಾಗಿ ಅಪ್ಪ ದೂರ ಇದ್ದಾರೆ, ನಾನೊಂದು ಹೊರೆ. ಆತ್ಮಹತ್ಯೆಯ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ ಎರಡು ಭಾವನೆಗಳನ್ನು ಅತ್ಯಂತ ಅಪಾಯಕಾರಿ ಎನ್ನುತ್ತಾರೆ. ಒಂದು, ನಾನು ಇತರರಿಗೆ ಹೊರೆ ಎಂಬುದು. ಇನ್ನೊಂದು, ನಾನು ಯಾರಿಗೂ ಸೇರಿದವನಲ್ಲ ಎಂಬುದು. ಸಾಲ ಮಾಡಿ ಹಾಸ್ಟೆಲಿಗೆ ಸೇರಿಸಿದ ಮಗುವಿಗೆ ಈ ಎರಡೂ ಒಟ್ಟಿಗೆ ಬರಬಹುದು.

ಮೂಡುಬಿದಿರೆ, ಗುರುವಾಯನಕೆರೆಯ ಪಿಯು ಕಾಲೇಜುಗಳಿಗೆ ರಾಜ್ಯದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ. ಹೆಚ್ಚಿನವರಿಗೆ ನೀಟ್ ಕನಸು, ಅಥವಾ ತಂದೆ-ತಾಯಿಯ ನೀಟ್ ಕನಸು. 2024ರಲ್ಲಿ ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಆ ಪರೀಕ್ಷೆ ಬರೆದರು. ಎಂಬಿಬಿಎಸ್ ಸೀಟು ಇದ್ದದ್ದು ಸುಮಾರು 1 ಲಕ್ಷ 10 ಸಾವಿರ, ಅದರಲ್ಲೂ ಸಾಮಾನ್ಯ ಕುಟುಂಬದ ಕೈಗೆಟಕುವ ಸರಕಾರಿ ಸೀಟು ಸುಮಾರು ಅರ್ಧ. ಅಂದರೆ ಎಷ್ಟೇ ಓದಿದರೂ ಇಪ್ಪತ್ತರಲ್ಲಿ ಹತ್ತೊಂಬತ್ತು ಮಕ್ಕಳಿಗೆ ಸೀಟು ಸಿಗುವುದಿಲ್ಲ. ಈ ಲೆಕ್ಕವನ್ನು ದಾಖಲಾತಿಯ ದಿನವೇ ಮಗುವಿಗೆ ಹೇಳಬೇಕು. ಡಾಕ್ಟರ್ ಆಗದಿದ್ದರೆ ಮುಂದೇನು ಎಂಬ ಎರಡನೆಯ ದಾರಿಯನ್ನೂ ಅಂದೇ ಮಾತಾಡಿಡಬೇಕು.

ಇನ್ನು ಮಾನ-ಮರ್ಯಾದೆಯ ವಿಷಯ. ಕರಾವಳಿಯಲ್ಲಿ ಒಬ್ಬ ಹುಡುಗಿ ತರಗತಿಯ ಹುಡುಗನೊಂದಿಗೆ ಬಸ್ ನಿಲ್ದಾಣದಲ್ಲಿ ಮಾತಾಡಿದರೆ ಅದರ ಫೋಟೋ ತೆಗೆಯುವವರಿದ್ದಾರೆ. ಆ ಹುಡುಗ ಬೇರೆ ಧರ್ಮದವನಾಗಿದ್ದರೆ ಕೇಳುವುದೇ ಬೇಡ. ಇಂತಹ ಕಾವಲುಗಾರರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಫೋಟೋ ಹತ್ತು ಗ್ರೂಪ್ ದಾಟಿ ಮನೆ ತಲುಪುವಷ್ಟರಲ್ಲಿ ಆ ಹುಡುಗಿಗೆ ಶಾಲೆ, ಮನೆ, ಊರು ಎಲ್ಲ ಬಾಗಿಲುಗಳೂ ಮುಚ್ಚಿದಂತೆ ಕಾಣುತ್ತದೆ. ‘ದೀನಿನ ಕಾಳಜಿಯಿಂದ’ ಅದನ್ನು ಫಾರ್ವರ್ಡ್ ಮಾಡಿದವರು ತಾವು ಒಂದು ಜೀವದ ಜೊತೆ ಆಡುತ್ತಿದ್ದೇವೆ ಎಂದು ಯೋಚಿಸುವುದಿಲ್ಲ. ಇನ್ನೊಬ್ಬರ ಕೊರತೆಯನ್ನು ಮುಚ್ಚಿಡುವವನ ಕೊರತೆಯನ್ನು ಅಲ್ಲಾಹನು ಮುಚ್ಚಿಡುವನು ಎಂಬ ಹದೀಸ್ ನಮಗೆ ಬಾಯಿಪಾಠ ಇದೆ. ಫೋನ್ ಕೈಯಲ್ಲಿದ್ದಾಗ ಮಾತ್ರ ಅದು ನೆನಪಾಗುವುದಿಲ್ಲ.

ಲೈಂಗಿಕ ದೌರ್ಜನ್ಯವೂ ಇದೇ ಸಾಲಿನಲ್ಲಿ ಬರುತ್ತದೆ. ಶಾಲೆ, ಹಾಸ್ಟೆಲ್, ಮದ್ರಸ, ಹತ್ತಿರದ ಸಂಬಂಧಿಕರ ಮನೆ ಯಾವುದೂ ಇದಕ್ಕೆ ಹೊರತಲ್ಲ, ಗಂಡುಮಕ್ಕಳೂ ಹೊರತಲ್ಲ. ಮಗು ಹೇಳಿದಾಗ ‘ಯಾರಿಗೂ ಹೇಳಬೇಡ, ಹೆಸರು ಹಾಳಾಗುತ್ತದೆ’ ಎಂದು ಬಾಯಿ ಮುಚ್ಚಿಸಿದರೆ ಆ ಗಾಯ ಒಳಗೇ ಕೊಳೆಯುತ್ತದೆ. ಪೋಕ್ಸೊ ಕಾಯ್ದೆಯಡಿ ಅದನ್ನು ಮುಚ್ಚಿಡುವುದೇ ಅಪರಾಧ. 1098ಕ್ಕೆ ಕರೆ ಮಾಡಿದರೆ ಮಕ್ಕಳ ಸಹಾಯವಾಣಿ ಸಿಗುತ್ತದೆ.

2022ರ ಫೆಬ್ರವರಿಯನ್ನೂ ಇಲ್ಲಿ ನೆನೆಯಬೇಕು. ಹಿಜಾಬ್ ವಿವಾದದ ಆ ದಿನಗಳಲ್ಲಿ ಹಲವು ಹೆಣ್ಣುಮಕ್ಕಳು ತಮ್ಮದೇ ಕಾಲೇಜಿನ ಗೇಟಿನ ಹೊರಗೆ ನಿಂತರು. ಕೆಲವರು ಕಾಲೇಜು ಬದಲಿಸಿದರು, ಕೆಲವರು ಓದನ್ನೇ ಬಿಟ್ಟರು. ‘ಈ ಶಾಲೆ ನನ್ನದು, ಇಲ್ಲಿ ನನ್ನನ್ನು ಬಲ್ಲವರಿದ್ದಾರೆ’ ಎಂಬ ಭಾವನೆ ಹದಿಹರೆಯದ ಮಕ್ಕಳನ್ನು ಕಾಯುವ ದೊಡ್ಡ ಬೇಲಿ. ಅದನ್ನು ಕಿತ್ತುಹಾಕಿದವರು ಯಾರೇ ಆಗಿರಲಿ, ಮರಳಿ ಕಟ್ಟಿಕೊಡುವ ಕೆಲಸದಲ್ಲಿ ಶಿಕ್ಷಕರಿಗೂ ನಮಗೂ ಪಾಲಿದೆ. ತರಗತಿಯಲ್ಲಿ ಹೆಸರು ಹಿಡಿದು ಕರೆದು ‘ಯಾಕೆ ಮಗಾ, ಎರಡು ದಿನ ಬರಲಿಲ್ಲ?’ ಎಂದು ಕೇಳುವ ಒಬ್ಬ ಶಿಕ್ಷಕಿ ಇದ್ದರೂ ಸಾಕು, ಆ ಬೇಲಿಯ ಒಂದು ಗೂಟ ನಿಂತಂತೆ.

ಈಗ ಶೀರ್ಷಿಕೆಯ ಮಾತಿಗೆ ಬರುತ್ತೇನೆ. ಮಗಳು ‘ನನಗೆ ಬದುಕೋದೇ ಬೇಡ ಅನಿಸ್ತದೆ ಉಮ್ಮಾ’ ಎಂದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? ‘ಅಸ್ತಗ್ಫಿರುಲ್ಲಾಹ್, ಹಾಗೆಲ್ಲ ಹೇಳಬಾರದು, ಹರಾಮ್, ನರಕಕ್ಕೆ ಹೋಗ್ತಿ.’ ಅಲ್ಲಿಗೆ ಮಾತು ಮುಗಿಯಿತು. ಮಗಳು ಮತ್ತೆ ಆ ಮಾತನ್ನು ನಿಮ್ಮ ಬಳಿ ಎತ್ತುವುದಿಲ್ಲ. ಯೋಚನೆ ಹೋಗಿರುವುದಿಲ್ಲ, ನಿಮಗೆ ಹೇಳುವುದು ಮಾತ್ರ ನಿಂತಿರುತ್ತದೆ. ಆತ್ಮಹತ್ಯೆ ಮಹಾಪಾಪ ಎಂಬುದು ನಮ್ಮ ಮಕ್ಕಳಿಗೆ ಚಿಕ್ಕಂದಿನಿಂದ ಗೊತ್ತು. ಆ ತಿಳುವಳಿಕೆ ಎಷ್ಟೋ ಮಂದಿಯನ್ನು ತಡೆದಿದೆ ಕೂಡ. ಆದರೆ ನೋವಿನಲ್ಲಿರುವ ಮಗು ಫತ್ವಾ ಕೇಳಲು ಬಂದಿರುವುದಿಲ್ಲ.

ಜೀವ ತೆಗೆದುಕೊಳ್ಳುವುದನ್ನು ನಿಷೇಧಿಸುವ ಅನ್ನಿಸಾ ಅಧ್ಯಾಯದ 29ನೇ ಸೂಕ್ತ ಕೊನೆಗೊಳ್ಳುವುದು ಅಲ್ಲಾಹನ ಕರುಣೆಯನ್ನು ನೆನಪಿಸುವ ಮೂಲಕ. ನಾವು ಮೊದಲರ್ಧ ಹೇಳಿ ಕೊನೆಯ ಭಾಗವನ್ನು ಬಿಟ್ಟುಬಿಡುತ್ತೇವೆ. ಮರ್ಯಮ್ ಅಧ್ಯಾಯವನ್ನು ತೆರೆದು ನೋಡಿ. ಪ್ರಸವ ವೇದನೆಯಲ್ಲಿ, ಜನರ ಬಾಯಿಗೆ ಬೀಳುವ ಭಯದಲ್ಲಿ, ಖರ್ಜೂರದ ಮರದ ಬುಡದಲ್ಲಿ ಒಂಟಿಯಾಗಿದ್ದ ಮರ್ಯಮ್(ಅ) ಇದಕ್ಕಿಂತ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು ಎಂದರು. ಅವರಿಗೆ ಬಂದ ಉತ್ತರದಲ್ಲಿ ಗದರಿಕೆ ಇಲ್ಲ. ದುಃಖಿಸಬೇಡ ಎಂಬ ಸಾಂತ್ವನ ಬಂತು, ಕಾಲ ಕೆಳಗೆ ನೀರಿನ ಒರತೆ ಬಂತು, ತಿನ್ನಲು ತಾಜಾ ಖರ್ಜೂರ ಬಂತು. ಜನರ ಪ್ರಶ್ನೆಗಳಿಗೆ ಉತ್ತರಿಸುವ ಹೊರೆಯನ್ನೂ ಇಳಿಸಲಾಯಿತು, ಆ ದಿನ ಯಾರೊಂದಿಗೂ ಮಾತಾಡಬೇಕಿಲ್ಲ ಎಂದು. ಮೊದಲು ಸಮಾಧಾನ, ಆಮೇಲೆ ಅನ್ನ-ನೀರು, ಜನರಿಂದ ರಕ್ಷಣೆ. ಇಂದಿನ ಆಪ್ತಸಮಾಲೋಚಕರೂ ಇದೇ ಕ್ರಮವನ್ನು ಹೇಳಿಕೊಡುತ್ತಾರೆ. ಮಗನ ಅಗಲಿಕೆಯ ದುಃಖದಲ್ಲಿ ಪ್ರವಾದಿ ಯಅ್‌ಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವು ಎಂದು ಯೂಸುಫ್ ಅಧ್ಯಾಯ ಹೇಳುತ್ತದೆ. ಅದನ್ನು ಈಮಾನಿನ ಕೊರತೆ ಎಂದು ಯಾರೂ ಹೇಳುವುದಿಲ್ಲ. ಹಾಗಿರುವಾಗ ಹದಿನಾರು ವರ್ಷದ ಹುಡುಗನಿಗೆ ‘ನಮಾಝ್ ಸರಿಯಾಗಿ ಮಾಡ್ತಿದ್ರೆ ಹೀಗಾಗ್ತಿರಲಿಲ್ಲ’ ಎನ್ನುವುದು ಏಕೆ?

ಬಹಳಷ್ಟು ಪೋಷಕರು ಕೇಳಲು ಹೆದರುತ್ತಾರೆ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಅಳುಕು. ಅದು ಸುಳ್ಳು. ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂಬುದು ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಮಗು ಗೆಳೆಯರಿಂದ ದೂರ ಸರಿದಿದ್ದರೆ, ಊಟ-ನಿದ್ದೆ ಕೆಟ್ಟಿದ್ದರೆ, ಇಷ್ಟದ ಕ್ರಿಕೆಟ್ಟನ್ನೋ ದಫ್ ಅಭ್ಯಾಸವನ್ನೋ ಬಿಟ್ಟಿದ್ದರೆ, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ‘ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ’ ಎಂಬಂತಹ ಮಾತು ಬಂದರೆ ಕಾಯಬೇಡಿ. ಒಬ್ಬರೇ ಇರುವಾಗ, ಫೋನ್ ಬದಿಗಿಟ್ಟು, ‘ನಿನಗೆ ಸಾಯಬೇಕು ಅಂತ ಅನಿಸ್ತದಾ?’ ಎಂದೇ ಕೇಳಿ. ಬ್ಯಾರಿಯಲ್ಲಿ ಕೇಳಿ, ಉರ್ದುವಿನಲ್ಲಿ ಕೇಳಿ, ಮನೆಯಲ್ಲಿ ಯಾವ ಭಾಷೆ ಇದೆಯೋ ಅದರಲ್ಲಿ. ಹೌದು ಎಂದರೆ ಉಪದೇಶ ಶುರು ಮಾಡಬೇಡಿ. ಹೇಳಿದ್ದು ಒಳ್ಳೆಯದಾಯಿತು ಎನ್ನಿ. ಆ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಮನೆಯೊಳಗೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಅಡಿಕೆ ತೋಟವಿರುವ ಮನೆಗಳಲ್ಲಿ ಕೀಟನಾಶಕ, ಕಳೆನಾಶಕದ ಬಾಟಲಿಗಳು ಜಗಲಿಯ ಮೂಲೆಯಲ್ಲೋ ಪಂಪ್ ಶೆಡ್‌ನಲ್ಲೋ ಬಿದ್ದಿರುತ್ತವೆ. ಅವನ್ನು ಬೀಗದೊಳಗೆ ಇಡಿ, ಬೀಗದ ಕೈ ಹಿರಿಯರ ಬಳಿ ಇರಲಿ. ಮನೆಯ ಮಾತ್ರೆಗಳಿಗೂ ಇದೇ ಮಾತು. ಸಾಯುವ ನಿರ್ಧಾರ ಮಾಡಿದವರನ್ನು ಬೀಗ ತಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ತಡೆಯುತ್ತದೆ. ಮಕ್ಕಳಲ್ಲಿ ಆ ಆವೇಗ ಹೆಚ್ಚಿನ ಸಲ ಸ್ವಲ್ಪ ಹೊತ್ತಿನದ್ದು. ಆ ಹೊತ್ತು ದಾಟಿದರೆ ಜೀವ ಉಳಿಯುತ್ತದೆ. ನೆರೆಯ ಶ್ರೀಲಂಕಾ 1990ರ ದಶಕದಿಂದ ಅತ್ಯಂತ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ಮುಂದಿನ ಎರಡು ದಶಕಗಳಲ್ಲಿ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು.

ಚಿಕಿತ್ಸೆಗೆ ದೂರ ಹೋಗಬೇಕಾಗಿಲ್ಲ. ಬಂಟ್ವಾಳ ಮತ್ತು ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆಗಳಿವೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆಗೆ ವ್ಯವಸ್ಥೆ ಇದೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. ಹದಿಹರೆಯದವರಿಗಾಗಿಯೇ ‘ಸ್ನೇಹ ಕ್ಲಿನಿಕ್’ ಎಂಬ ವಿಭಾಗವೂ ಸರಕಾರಿ ಆಸ್ಪತ್ರೆಗಳಲ್ಲಿದೆ. ಉಸ್ತಾದರಿಂದ ದುಆ ಮಾಡಿಸಿ, ಮಂತ್ರಿಸಿದ ನೀರು ಕುಡಿಸಿ, ಬೇಡ ಎನ್ನುವುದಿಲ್ಲ. ಆದರೆ ಜಿನ್ನ್ ಹಿಡಿದಿದೆ ಎಂದು ಆರು ತಿಂಗಳು ಊರೂರು ಅಲೆದಾಡಿ ಕೊನೆಗೆ ಆಸ್ಪತ್ರೆಗೆ ಬರುವುದು ಬೇಡ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಳಿಸಿದ್ದಾನೆ ಎಂದ ಪ್ರವಾದಿ(ಸ) ಮನಸ್ಸಿನ ರೋಗವನ್ನು ಅದರಿಂದ ಹೊರಗಿಡಲಿಲ್ಲ. ಖಿನ್ನತೆಯ ಮಾತ್ರೆ ಪರಿಣಾಮ ತೋರಲು ಕೆಲವು ವಾರ ಬೇಕು. ಎರಡೇ ವಾರದಲ್ಲಿ ‘ಏನೂ ಪ್ರಯೋಜನ ಇಲ್ಲ’ ಎಂದು ಬಿಡಬಾರದು. ರಮಝಾನ್‌ನಲ್ಲಿ ನಾವಾಗಿಯೇ ಮಾತ್ರೆ ನಿಲ್ಲಿಸುವುದೂ ಅಪಾಯ. ಸಹ್ರಿ-ಇಫ್ತಾರ್‌ಗೆ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಿ. ಆಗದು ಎಂದರೆ ರೋಗಿಗೆ ಉಪವಾಸದಲ್ಲಿ ವಿನಾಯಿತಿ ಇದ್ದೇ ಇದೆ.

ಒಂದು ಪ್ರಯತ್ನ ನಡೆದು ಮಗು ಬದುಕಿ ಬಂದರೆ ನಮ್ಮ ಮನೆಗಳಲ್ಲಿ ‘ಫುಡ್ ಪಾಯ್ಸನ್’ ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತೇವೆ. ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆ ಒಂದು ಕಡೆ, ಮದುವೆ ಸಂಬಂಧ ಕೂಡಿಬರುವುದಿಲ್ಲ ಎಂಬ ಚಿಂತೆ ಇನ್ನೊಂದು ಕಡೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರಕಾರದ ಕರ್ತವ್ಯ. ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಂದು ಬಂದ ಹೊಸ ಸಂಹಿತೆಯಲ್ಲಿ ಉಳಿದಿಲ್ಲ. ಹಾಗಾಗಿ ವೈದ್ಯರಿಗೆ ನಿಜ ಹೇಳಿ. ಆಸ್ಪತ್ರೆಯಿಂದ ಮನೆಗೆ ಬಂದ ನಂತರದ ಕೆಲವು ವಾರ, ತಿಂಗಳುಗಳೇ ಅತ್ಯಂತ ಎಚ್ಚರ ಬೇಕಾದ ಕಾಲ. ಆಗಲೇ ನಾವು ‘ಎಲ್ಲ ಸರಿಹೋಯಿತು’ ಎಂದು ಮರಳಿ ಅಂಕದ ಮಾತಿಗೆ ಇಳಿಯುತ್ತೇವೆ.

ಮಗುವನ್ನು ಕಳಕೊಂಡ ಮನೆಯವರ ವಿಷಯದಲ್ಲೂ ಒಂದು ಮಾತು. ಜನಾಝಾ ನಮಾಝ್ ಮಾಡಬಹುದೇ, ಎಲ್ಲಿ ದಫನ ಮಾಡುವುದು ಎಂದು ಮಸೀದಿಯ ಅಂಗಳದಲ್ಲಿ ಪಿಸುಗುಟ್ಟುವವರು ಗಮನಿಸಬೇಕು: ಇಮಾಮ್ ಶಾಫಿಈ, ಇಮಾಮ್ ಅಬೂ ಹನೀಫಾ ಸಹಿತ ಬಹುಪಾಲು ವಿದ್ವಾಂಸರ ಅಭಿಪ್ರಾಯದಲ್ಲಿ ಆ ಮಯ್ಯಿತ್‌ಗೂ ಜನಾಝಾ ನಮಾಝ್ ಇದೆ. ಸಹೀಹ್ ಮುಸ್ಲಿಮ್‌ನಲ್ಲಿ ಒಂದು ವರದಿ ಇದೆ. ತುಫೈಲ್ ಬಿನ್ ಅಮ್ರ್(ರ)ರೊಂದಿಗೆ ಮದೀನಾಕ್ಕೆ ಹಿಜ್ರಾ ಬಂದ ಒಬ್ಬರು ರೋಗದ ನೋವು ತಾಳಲಾರದೆ ಕೈಗೆ ತಾವೇ ಗಾಯ ಮಾಡಿಕೊಂಡು ತೀರಿಕೊಂಡರು. ವಿಷಯ ತಿಳಿದ ಪ್ರವಾದಿ(ಸ) ಅವರ ಕೈಗಳನ್ನೂ ಕ್ಷಮಿಸುವಂತೆ ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಆ ಮನೆಯ ತಾಯಿಗೆ ನಮ್ಮಿಂದ ಸಲ್ಲಬೇಕಾದದ್ದು ದುಆ ಮತ್ತು ಅನ್ನ. ತನಿಖೆ ಪೊಲೀಸರ ಕೆಲಸ. ಶಾಲೆಯಲ್ಲಿ ಒಂದು ಮಗು ಹೀಗೆ ತೀರಿಕೊಂಡಾಗ ಹೇಗೆ, ಎಲ್ಲಿ ಎಂಬ ವಿವರಗಳನ್ನು ಹಂಚಿಕೊಳ್ಳುವುದೂ ತಪ್ಪು. ಅದೇ ನೋವಿನಲ್ಲಿರುವ ಇನ್ನೊಂದು ಮಗು ಅದನ್ನು ಓದುತ್ತಿರುತ್ತದೆ.

ಶಾಲೆಗಳನ್ನು ಕೇಳಲು ಈಗ ನಮಗೆ ಆಧಾರವಿದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಗಳ ಪ್ರಕಾರ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನಾದರೂ ನೇಮಿಸಬೇಕು. ಅಂಕದ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ತಂಡ ಮಾಡಬಾರದು, ಎಲ್ಲರೆದುರು ಅವಮಾನಿಸಬಾರದು. ಪೋಷಕರ ಸಭೆಯಲ್ಲಿ ಫೀಸಿನ ಮಾತು ಮುಗಿದ ಮೇಲೆ ‘ನಿಮ್ಮ ಸಮಾಲೋಚಕರು ಯಾರು? ವಾರಕ್ಕೆ ಎಷ್ಟು ದಿನ ಬರುತ್ತಾರೆ?’ ಎಂದು ಕೇಳಿ. ನಮ್ಮದೇ ಸಮುದಾಯದ ಶಾಲೆಗಳಲ್ಲೂ ಕೇಳಿ, ಅಲ್ಲಿ ಮುಲಾಜು ಬೇಡ.

ಜಮಾಅತ್ ಕಮಿಟಿಗಳಿಗೆ ನನ್ನದೊಂದು ಬೇಡಿಕೆ. ಪ್ರತಿಭಾ ಪುರಸ್ಕಾರಕ್ಕೆ ಖರ್ಚು ಮಾಡುವುದರಲ್ಲಿ ಸ್ವಲ್ಪವನ್ನು ಫೇಲಾದ ಮಕ್ಕಳಿಗೆ ಮೀಸಲಿಡಿ. 2024ರಲ್ಲಿ ರಾಜ್ಯ ಸರಕಾರ ಪೂರಕ ಪರೀಕ್ಷೆ ಎಂಬ ಹೆಸರನ್ನೇ ಕೈಬಿಟ್ಟು ಪರೀಕ್ಷೆ-1, ಪರೀಕ್ಷೆ-2 ಎಂಬ ಕ್ರಮವನ್ನು ತಂದಿತು. ಮೊದಲ ಸಲ ಆಗದಿದ್ದವರು ಅದೇ ವರ್ಷ ಬರೆದು ಮುಂದಿನ ತರಗತಿಗೆ ಸೇರಬಹುದು. ಫಲಿತಾಂಶದ ದಿನ ಮಕ್ಕಳಿಗೆ ಈ ಮಾತು ನೆನಪಿರುವುದಿಲ್ಲ. ಅಂದು ಸಂಜೆ ಊರಿನ ಒಬ್ಬ ಶಿಕ್ಷಕ, ಒಬ್ಬ ಉಸ್ತಾದ್ ಜೊತೆಯಾಗಿ, ಗದ್ದಲವಿಲ್ಲದೆ ಆ ನಾಲ್ಕೈದು ಮನೆಗಳಿಗೆ ಹೋಗಲಿ. ಚಹಾ ಕುಡಿಯಲಿ, ಮುಂದಿನ ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನಾಂಕ ತಿಳಿಸಲಿ, ಶುಲ್ಕ ಬೇಕಾದರೆ ಕಟ್ಟಲಿ, ಮಸೀದಿಯ ಕೋಣೆಯಲ್ಲಿ ಒಂದು ತಿಂಗಳ ಉಚಿತ ಗಣಿತ ತರಗತಿ ಶುರು ಮಾಡಲಿ. ಫೋಟೋ ತೆಗೆಯುವುದು ಬೇಡ.

ಮದ್ರಸದ ನೋಟಿಸ್ ಬೋರ್ಡಿನಲ್ಲಿ ಒಂದು ಸಂಖ್ಯೆ ದೊಡ್ಡದಾಗಿ ಬರೆದಿಡಿ: 14416. ಇದು ಕೇಂದ್ರ ಸರಕಾರದ ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಲು ಮಗುವೇ ಆಗಬೇಕೆಂದಿಲ್ಲ. ಏನು ಹೇಳಬೇಕೆಂದು ತೋಚದೆ ಕೂತ ತಾಯಿಯೂ, ರಾತ್ರಿ ಪಾಳಿ ಮುಗಿಸಿ ಊರಿಗೆ ಬಂದ ತಂದೆಯೂ, ತರಗತಿಯಲ್ಲಿ ಒಂದು ಮುಖ ಸರಿಯಿಲ್ಲ ಎಂದು ಕಂಡ ಉಸ್ತಾದರೂ ಮಾಡಬಹುದು.